ರೋವರ್ ಗಾಡಿಯ ಮದರಾಸು ಸಂಬಂಧಗಳು

ಹೊಸದರಲ್ಲಿ ಕೋಟಿ ದಾಟಿದ್ದ ರೇಂಜ್ ರೋವರ್ ಹತ್ತು ವರ್ಷ ತುಂಬುವಷ್ಟರಲ್ಲಿ ಹೊಸ ಇನ್ನೋವಾದ ಆಸುಪಾಸಿನ ಬೆಲೆಗೆ ಇಳಿದಿರುವುದುಂಟು. ಗಾಡಿ ನೋಡಲು ಆಗಲೂ ಅರಮನೆಯ ಆನೆಯಂತೆಯೇ ಇರುತ್ತದೆ. ಖಾದರ್ ನವಾಜ್ ಖಾನ್ ರಸ್ತೆಯಲ್ಲಿ ಸಂಜೆ ಕಾಫಿಗೆ ಹೋದವರು ಅದನ್ನು ಒಮ್ಮೆ ತಿರುಗಿ ನೋಡದೆ ಮುಂದೆ ಹೋಗುವುದಿಲ್ಲ. ಹಾಗಾದರೆ ಬೆಲೆ ಯಾಕೆ ಹೀಗೆ ಜಾರುತ್ತದೆ? ಮೆಕ್ಯಾನಿಕ್ ಕೊಡುವ ಉತ್ತರ ಒಂದೇ ಮಾತಿನದು: "ನಂಬೋಕಾಗಲ್ಲ." ಈ ಅಪನಂಬಿಕೆಗೆ ಎಪ್ಪತ್ತೈದು ವರ್ಷಕ್ಕೂ ಮೀರಿದ ಒಂದು ಚರಿತ್ರೆ ಇದೆ. ಸೋಜಿಗವೆಂದರೆ ಅದರ ಬಹುಪಾಲು ಮಾಲೀಕರು ನಮ್ಮ ಈ ಚೆನ್ನೈಗೂ ಬಂದು ಕಾರ್ಖಾನೆ ಹೂಡಿದವರೇ.

ಲ್ಯಾಂಡ್ ರೋವರ್ ಹುಟ್ಟಿದ್ದು ಬಡತನದಲ್ಲಿ. ಯುದ್ಧ ಮುಗಿದ ಬ್ರಿಟನ್ನಿನಲ್ಲಿ ಉಕ್ಕಿಗೆ ರೇಷನ್ ಇತ್ತು. ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್ ತನ್ನ ಹೊಲದಲ್ಲಿ ಅಮೆರಿಕದ ಹಳೆಯ ವಿಲ್ಲಿಸ್ ಜೀಪು ಓಡಿಸುತ್ತಿದ್ದವನು. ಅದರ ಜಾಗಕ್ಕೆ ತಮ್ಮದೇ ಒಂದು ಗಾಡಿ ಯಾಕಾಗಬಾರದು ಎಂದುಕೊಂಡ. ಉಕ್ಕು ಸಿಗದಿದ್ದರಿಂದ ಮೈಗೆ ಅಲ್ಯೂಮಿನಿಯಂ ಹಾಕಿದರು. 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಂ ಪ್ರದರ್ಶನದಲ್ಲಿ ಅದು ಹೊರಬಂತು. ಕಾರುಗಳ ವ್ಯಾಪಾರ ಕುದುರುವ ತನಕ ಎರಡು ಮೂರು ವರ್ಷ ಕಂಪನಿಯನ್ನು ಉಳಿಸಿಕೊಳ್ಳುವ ತಾತ್ಕಾಲಿಕ ಉಪಾಯ ಅದಾಗಿತ್ತು. ಸ್ಪ್ಯಾನರು, ಸುತ್ತಿಗೆ ಇದ್ದರೆ ಯಾರು ಬೇಕಾದರೂ ರಿಪೇರಿ ಮಾಡಬಹುದಾಗಿತ್ತು. ಡಾರ್ಜಿಲಿಂಗ್ ಬೆಟ್ಟದ ಮಾನೆಭಂಜಾಂಗ್‌ನಿಂದ ಸಂದಕ್‌ಫು ಏರುವ ದಾರಿಯಲ್ಲಿ ಚಹಾ ತೋಟಗಳ ಕಾಲದ ಆ ಲ್ಯಾಂಡ್ ರೋವರ್‌ಗಳು ಪ್ರವಾಸಿಗರನ್ನು ಹೊತ್ತು ಹೆಸರು ಮಾಡಿದ್ದು ಆ ಸರಳತೆಯಿಂದಲೇ. ನಮ್ಮ ಕೊಡಗು, ಚಿಕ್ಕಮಗಳೂರಿನ ತೋಟಗಳವರಿಗೆ ಜೀಪು ಎಂದರೆ ಇಂದಿಗೂ ಏನು ಅರ್ಥವೋ ಆ ಅರ್ಥದ ಗಾಡಿ ಅದು.

ರೇಂಜ್ ರೋವರ್ ಬಂದದ್ದು 1970ರಲ್ಲಿ, ಸ್ಪೆನ್ ಕಿಂಗ್ ಎಂಬ ಎಂಜಿನಿಯರನ ಮುಂದಾಳತ್ವದಲ್ಲಿ. ಅದೂ ಆಗ ಐಷಾರಾಮಿ ಗಾಡಿಯಲ್ಲ. ವಿನೈಲ್ ಸೀಟು, ರಬ್ಬರ್ ಮ್ಯಾಟು, ಕೆಸರಾದರೆ ಒಳಗೆ ಪೈಪ್ ಹಿಡಿದು ತೊಳೆಯಬಹುದಿತ್ತು. ಹನ್ನೊಂದು ವರ್ಷ ಎರಡೇ ಬಾಗಿಲು. ನಾಲ್ಕು ಬಾಗಿಲು ಬಂದದ್ದು 1981ರಲ್ಲಿ. ಆಮೇಲೆ ಆಟೋಮ್ಯಾಟಿಕ್ ಗೇರು, ಚರ್ಮದ ಸೀಟು, ಮರದ ಅಲಂಕಾರ ಒಂದೊಂದಾಗಿ ಸೇರಿದವು. 1992ರಲ್ಲಿ ಕಬ್ಬಿಣದ ಸ್ಪ್ರಿಂಗಿನ ಜಾಗಕ್ಕೆ ಗಾಳಿ ತುಂಬಿದ ರಬ್ಬರ್ ಚೀಲದ ಸಸ್ಪೆನ್ಷನ್ ಬಂತು. ಗುಂಡಿ ಬಿದ್ದ ರಸ್ತೆಯಲ್ಲೂ ತೊಟ್ಟಿಲು ತೂಗಿದಂತೆ ಹೋಗುತ್ತದೆ, ನಿಜ. ಆದರೆ ಕಬ್ಬಿಣದ ಸ್ಪ್ರಿಂಗ್ ಸವೆಯಲು ದಶಕಗಳು ಬೇಕು. ರಬ್ಬರ್ ಚೀಲಕ್ಕೆ ಆಯುಷ್ಯ ಅಷ್ಟಿಲ್ಲ. ಚೀಲ ಸಣ್ಣಗೆ ಸೋರಿದರೆ ಕಂಪ್ರೆಸರ್ ಬಿಡುವಿಲ್ಲದೆ ದುಡಿದು ಅದೂ ಸುಟ್ಟುಹೋಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಗಾಡಿ ಒಂದು ಮೂಲೆಗೆ ಕುಸಿದು ಕೂತಿರುತ್ತದೆ, ಮೇವು ಬಿಟ್ಟ ಎತ್ತಿನ ಹಾಗೆ.

ಇನ್ನು ಮಾಲೀಕರ ಕಥೆ. ರೋವರನ್ನು 1967ರಲ್ಲಿ ಕೊಂಡದ್ದು ಲೇಲ್ಯಾಂಡ್. ಎಣ್ಣೂರಿನಲ್ಲಿ 1948ರಲ್ಲಿ ಆಸ್ಟಿನ್ ಕಾರು ಜೋಡಿಸಲು ಹುಟ್ಟಿದ ಅಶೋಕ್ ಮೋಟರ್ಸ್, 1955ರಲ್ಲಿ ಅಶೋಕ್ ಲೇಲ್ಯಾಂಡ್ ಆದದ್ದು ಇದೇ ಕಂಪನಿಯ ನೆರಳಿನಲ್ಲಿ. ಅದೇ ಲೇಲ್ಯಾಂಡ್ ಇಂಗ್ಲೆಂಡಿನ ಸ್ಟ್ಯಾಂಡರ್ಡ್ ಕಂಪನಿಯನ್ನು 1961ರಲ್ಲೇ ನುಂಗಿತ್ತು. ಸ್ಟ್ಯಾಂಡರ್ಡ್ ಎಂದರೆ ಹಳೆಯ ಮದರಾಸಿಗರ ಕಿವಿ ನಿಮಿರುತ್ತದೆ. ವಂಡಲೂರು, ಪೆರುಂಗುಡಿಗಳಲ್ಲಿ ಕಾರು ಮಾಡಿದ ಸ್ಟ್ಯಾಂಡರ್ಡ್ ಮೋಟರ್ ಪ್ರಾಡಕ್ಟ್ಸ್ ಆಫ್ ಇಂಡಿಯಾ ಆ ಇಂಗ್ಲಿಷ್ ಸ್ಟ್ಯಾಂಡರ್ಡಿನ ಮದರಾಸಿನ ಕುಡಿ. ಹೆರಾಲ್ಡ್, ಗೆಝೆಲ್ ಅದರವೇ.

ಇಲ್ಲಿ ಸ್ವಲ್ಪ ನಿಲ್ಲೋಣ. ಬಳಸಿ ಬಿಟ್ಟ ಐಷಾರಾಮವನ್ನು ಅಗ್ಗಕ್ಕೆ ಕೊಳ್ಳುವುದು ಎಂಬ ಸಾಹಸವನ್ನು ಒಬ್ಬ ಗಿರಾಕಿಯಲ್ಲ, ಇಡೀ ಕಾರ್ಖಾನೆಯೇ ಮಾಡಿದ ಪ್ರಸಂಗ ಇದು. ಸ್ಪೆನ್ ಕಿಂಗನ ಕೈವಾಡವೇ ಇದ್ದ ಇನ್ನೊಂದು ಗಾಡಿ ರೋವರ್ ಎಸ್‌ಡಿ1. ರೇಂಜ್ ರೋವರಿನ 3.5 ಲೀಟರ್ ವಿ8 ಎಂಜಿನನ್ನೇ ಹೊತ್ತು 1976ರಲ್ಲಿ ಬಂತು, 1977ರ ಯೂರೋಪಿನ ವರ್ಷದ ಕಾರು ಎನಿಸಿತು. ಬಣ್ಣ ಕಳಚುವುದು, ಎಲೆಕ್ಟ್ರಿಕಲ್ ಕೈಕೊಡುವುದು, ಮುಷ್ಕರದ ನಡುವೆ ಜೋಡಿಸಿದ ಬಿರುಕುಗಳು ಅದರ ಹೆಸರು ಕೆಡಿಸಿದವು. ಅಲ್ಲಿ ಅದರ ದಿನ ಮುಗಿಯುತ್ತ ಬಂದಾಗ, 1985ರಲ್ಲಿ, ಇಲ್ಲಿ ಅದೇ ಮೈ 'ಸ್ಟ್ಯಾಂಡರ್ಡ್ 2000' ಎಂಬ ಹೆಸರಲ್ಲಿ ಹೊರಬಂತು. ಒಳಗೆ ಮಾತ್ರ ವಿ8 ಇರಲಿಲ್ಲ. ನಲವತ್ತರ ದಶಕದ ವ್ಯಾನ್‌ಗಾರ್ಡ್ ವಂಶದ 1991 ಸಿಸಿ ಎಂಜಿನ್ ಇತ್ತು. ಅದೇ ವಂಶದ ಎಂಜಿನ್ ಫರ್ಗುಸನ್ ಟ್ರ್ಯಾಕ್ಟರಿನಲ್ಲೂ ಉತ್ತಿದೆ! ನಮ್ಮ ರಸ್ತೆಗೆಂದು ಗಾಡಿಯನ್ನು ಎತ್ತರಿಸಿದ್ದೂ ಆಯಿತು. ಆ ಹೊತ್ತಿಗೆ ಮಾರುತಿ ಬಂದು ಎರಡು ವರ್ಷವಾಗಿತ್ತು. ಕೊಂಡವರು ಕಡಿಮೆ, ಕೊಂಡು ಮೆಚ್ಚಿದವರು ಇನ್ನೂ ಕಡಿಮೆ. 1988ಕ್ಕೆ ಕಾರ್ಖಾನೆಯ ಬಾಗಿಲು ಮುಚ್ಚಿತು. ಕಾರುಗಳ ಚರಿತ್ರೆಯಲ್ಲಿ ಇದನ್ನು ತಮಾಷೆಯಾಗಿ ಹೇಳುವವರಿದ್ದಾರೆ. ಅಲ್ಲಿ ಸಂಬಳಕ್ಕಿದ್ದವರ ಮನೆಗಳಲ್ಲಿ ಅದು ತಮಾಷೆಯಾಗಿರಲಿಕ್ಕಿಲ್ಲ.

ಆ ಲೈಸೆನ್ಸ್ ಕಾಲದಲ್ಲಿ ವಿದೇಶಿ ಗಾಡಿ ಬೇಕೆಂದವರಿಗೆ ಇದ್ದ ಕಿರುದಾರಿಗಳಲ್ಲಿ ಒಂದು ರಾಯಭಾರ ಕಚೇರಿಗಳವರು ಬಳಸಿ ಬಿಟ್ಟದ್ದು. ಅವರು ತಂದ ಕಾರುಗಳು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ಮಾರಾಟವಾಗುತ್ತಿದ್ದವು. ನಮ್ಮ ನುಂಗಂಬಾಕ್ಕಂನ ಆಂಡರ್ಸನ್ ರಸ್ತೆಯಲ್ಲೇ ಬ್ರಿಟಿಷ್ ಡೆಪ್ಯುಟಿ ಹೈಕಮಿಷನ್ ಇದೆ. ಗಾಡಿ ಸಿಕ್ಕರೂ ಬಿಡಿಭಾಗ ಸಿಗುತ್ತಿರಲಿಲ್ಲ. ಅದಕ್ಕೆ ಪುದುಪ್ಪೇಟ್ಟೈ ಇತ್ತು, ಈಗಲೂ ಇದೆ: ಬಿಚ್ಚಿದ ಗಾಡಿಗಳ ಸಾಮಾನಿನ ಬೀದಿ. ಸಿಗದ್ದನ್ನು ಲೇತಿನಲ್ಲಿ ಕಡೆದು ಕೊಡುವವರಿದ್ದರು. ಕಬ್ಬಿಣವನ್ನು ಕಡೆಯಬಹುದು; ಕಂಪ್ಯೂಟರ್ ಮಾಡ್ಯೂಲನ್ನು ಲೇತಿನಲ್ಲಿ ಕಡೆಯಲಾಗುವುದಿಲ್ಲ ಎನ್ನುವುದೇ ಇಂದಿನ ಗಾಡಿಯ ತೊಡಕು.

ಲೇಲ್ಯಾಂಡ್ ಬ್ರಿಟಿಷ್ ಸರ್ಕಾರದ ಪಾಲಾಯಿತು, 1988ರಲ್ಲಿ ರೋವರ್ ಬ್ರಿಟಿಷ್ ಏರೋಸ್ಪೇಸಿಗೆ ಹೋಯಿತು. (ಚೆನ್ನೈಯಲ್ಲಿ ಕಾರಿನ ಕಾರ್ಖಾನೆ ಹೂಡದ ಮಾಲೀಕರೆಂದರೆ ಇವರು.) 1994ರಲ್ಲಿ ಬಿಎಂಡಬ್ಲ್ಯು, 2000ದಲ್ಲಿ ಫೋರ್ಡ್, 2008ರ ಜೂನ್‌ನಲ್ಲಿ ಜಾಗ್ವಾರ್ ಸಮೇತ 230 ಕೋಟಿ ಡಾಲರಿಗೆ ಟಾಟಾ. ಫೋರ್ಡ್ ಮರೈಮಲೈ ನಗರದಲ್ಲಿ ಕಾರು ಮಾಡಿ 2022ಕ್ಕೆ ಗಂಟುಮೂಟೆ ಕಟ್ಟಿತು. ಬಿಎಂಡಬ್ಲ್ಯು 2007ರಿಂದ ನಗರದ ಹೊರವಲಯದಲ್ಲಿ ಕಾರು ಜೋಡಿಸುತ್ತಿದೆ. ಟಾಟಾ ಕೈಗೆ ರೋವರ್ ಬಂದ ವರ್ಷವೇ ಕೆಥೆಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಮುಚ್ಚಿತು. 1962ರಿಂದ ಕಾರಿನಲ್ಲೇ ಕೂತ ಮದರಾಸಿಗರಿಗೆ ನಮ್ಮ ಉಡುಪಿಯ ಕಡೆಯವರು ದೋಸೆ ಕೊಟ್ಟ ಜಾಗ. ಎರಡಕ್ಕೂ ಸಂಬಂಧವಿಲ್ಲ, ನನಗೆ ಮಾತ್ರ ಒಟ್ಟಿಗೆ ನೆನಪಾಗುತ್ತದೆ.

ಮಾಲೀಕರು ಬದಲಾದರೆ ಗಾಡಿ ಕೊಳ್ಳುವವನಿಗೇನು? ಬಹಳವಿದೆ. 2001ರ ಕೊನೆಗೆ ಬಂದ ಮೂರನೆಯ ತಲೆಮಾರಿನ ರೇಂಜ್ ರೋವರನ್ನು ರೂಪಿಸಿದ್ದು ಬಿಎಂಡಬ್ಲ್ಯು. ಎಂಜಿನ್, ಎಲೆಕ್ಟ್ರಾನಿಕ್ಸ್ ಅವರದೇ. ಮಾರಿದ್ದು ಫೋರ್ಡ್. ಫೋರ್ಡ್ ಕೆಲವೇ ವರ್ಷದಲ್ಲಿ ಜಾಗ್ವಾರ್ ಕಡೆಯ ಎಂಜಿನ್ ತಂದಿತು. ಆಮೇಲಿನ ವರ್ಷಗಳನ್ನು ನಡೆಸಿದ್ದು ಟಾಟಾ. ಒಂದೇ ಆಕಾರದ ಗಾಡಿಯೊಳಗೆ ಮೂರು ಮನೆಗಳ ಅಡುಗೆ. ಆದ್ದರಿಂದ ಮಾರುವವರು 'ಮಾಡೆಲ್' ಹೇಳಿದರೆ ಸಾಲದು, ಯಾವ ವರ್ಷದ ಯಾವ ಎಂಜಿನ್ ಎಂದು ಕೇಳಿಯೇ ಕೇಳಬೇಕು. 3 ಲೀಟರಿನ ವಿ6 ಡೀಸೆಲ್ ಎಂಜಿನಿನಲ್ಲಿ ಕ್ರ್ಯಾಂಕ್‌ಶಾಫ್ಟ್ ಮುರಿಯುವ ದೂರು ಜಗತ್ತಿನಾದ್ಯಂತ ಕೇಳಿಬಂದಿದೆ. ಮುರಿದರೆ ಎಂಜಿನನ್ನೇ ಬದಲಿಸಬೇಕು. ಗಾಡಿಯ ಬೆಲೆ ಇಳಿಯುತ್ತದೆ. ಬಿಡಿಭಾಗದ ಬೆಲೆ ಇಳಿಯುವುದಿಲ್ಲ, ಅದು ಕೋಟಿ ರೂಪಾಯಿಯ ಗಾಡಿಯ ಲೆಕ್ಕದಲ್ಲೇ ಇರುತ್ತದೆ.

ಸಕಲೇಶಪುರದ ಕಡೆ ತೋಟವಿರುವ, ಇಲ್ಲಿ ಐಟಿ ಕೆಲಸದಲ್ಲಿರುವ ಗೆಳೆಯರೊಬ್ಬರು ಕೇಳಿದ್ದು ಇದನ್ನೇ: "ದೆಹಲಿ ಗಾಡಿ ಸಾರ್, ಭಾಳ ಅಗ್ಗ. ತಗೊಂಡ್ಬಿಡ್ಲಾ?" ಅಗ್ಗಕ್ಕೂ ಕಾರಣವಿದೆ. ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ದೆಹಲಿ ಸುತ್ತಮುತ್ತ ಓಡಬಾರದೆಂದು ಹಸಿರು ನ್ಯಾಯಮಂಡಳಿ 2015ರಲ್ಲಿ ಹೇಳಿತು, 2018ರಲ್ಲಿ ಸುಪ್ರೀಂ ಕೋರ್ಟೂ ಎತ್ತಿಹಿಡಿಯಿತು. ಅಲ್ಲಿ ಗಡುವು ಹತ್ತಿರವಾದ ದೊಡ್ಡ ಡೀಸೆಲ್ ಗಾಡಿಗಳು ದಕ್ಷಿಣಕ್ಕೆ ಇಳಿದವು. ಇದರಲ್ಲಿ ಮೋಸವೇನಿಲ್ಲ, ಒಳ್ಳೆಯ ಗಾಡಿಗಳೂ ಬರುತ್ತವೆ. ನಾನು ಹೆಚ್ಚು ಹೆದರುವುದು ಇಲ್ಲಿನದೇ ನೀರು ಕುಡಿದ ಗಾಡಿಗೆ. ನುಂಗಂಬಾಕ್ಕಂನಲ್ಲಿ ಲೇಕ್ ಏರಿಯಾ, ಟ್ಯಾಂಕ್ ಬಂಡ್ ರೋಡ್ ಎಂಬ ಹೆಸರುಗಳು ಸುಮ್ಮನೆ ಬಂದವಲ್ಲ. ಇದ್ದ ಕೆರೆ ಹೋಯಿತು, ವಳ್ಳುವರ್ ಕೋಟ್ಟಂ ನಿಂತಿರುವುದೂ ಕೆರೆಯಂಗಳದಲ್ಲೇ. 2015ರ ಡಿಸೆಂಬರಿನಲ್ಲೂ 2023ರ ಮಿಚಾಂಗ್ ಚಂಡಮಾರುತದಲ್ಲೂ ನಗರದ ಬೇಸ್‌ಮೆಂಟುಗಳು ತುಂಬಿದವು. 2012ರ ನಂತರದ ರೇಂಜ್ ರೋವರ್ 900 ಮಿಲಿಮೀಟರ್ ನೀರು ದಾಟಬಲ್ಲದೆಂದು ಕಂಪನಿ ಹೇಳುತ್ತದೆ. ದಾಟುವುದು ಬೇರೆ, ಎರಡು ದಿನ ಮುಳುಗಿ ನಿಲ್ಲುವುದು ಬೇರೆ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ನೋಡಿ, ಸ್ಪೇರ್ ಚಕ್ರದ ಗುಳಿಯಲ್ಲಿ ಕೈಯಾಡಿಸಿ, ವಿಮೆಯ ಕ್ಲೇಮ್ ಇತಿಹಾಸ ಕೇಳಿ. ರಾತ್ರಿಯಿಡೀ ನಿಲ್ಲಿಸಿ ಬೆಳಿಗ್ಗೆ ನಾಲ್ಕು ಚಕ್ರದ ಮೇಲಿನ ಎತ್ತರ ಅಳೆಯಿರಿ. ತಣ್ಣಗಿದ್ದಾಗಲೇ ಎಂಜಿನ್ ಸ್ಟಾರ್ಟ್ ಮಾಡಿಸಿ. ನೀವು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಹೋಗಿ.

ಕಾಗದಪತ್ರದ ಮಾತು ಉಳಿಯಿತು. 2013ರ ಮಾರ್ಚಿನಲ್ಲಿ ಸುಂಕ ತಪ್ಪಿಸಿ ತರಿಸಿದ ವಿದೇಶಿ ಗಾಡಿಗಳ ಪ್ರಕರಣದಲ್ಲಿ ಸಿಬಿಐ ಚೆನ್ನೈಯಲ್ಲಿ ಶೋಧ ನಡೆಸಿದಾಗ ಒಂದು ಹಮ್ಮರ್ ದೇಶದ ಸುದ್ದಿಯಾಯಿತು. ಆಮದಾದ ಗಾಡಿಯಾದರೆ ಕಸ್ಟಮ್ಸ್ ಪತ್ರ ನೋಡದೆ ಮುಂಗಡ ಕೊಡಬೇಡಿ. ದೇಶದೊಳಗಿನ ಗಾಡಿಗೂ ಮೂಲ ಆರ್‌ಟಿಒದ ಎನ್‌ಒಸಿ ಬೇಕು, ಸಾಲ ತೀರಿದ್ದಕ್ಕೆ ಬ್ಯಾಂಕಿನ ಪತ್ರ ಬೇಕು. ಕೆಎ ನಂಬರಿನ ಗಾಡಿಯನ್ನು ಊರಿಂದ ತಂದು ಇಲ್ಲಿ ಓಡಿಸುವ ನಮ್ಮವರಿಗೆ ಗೊತ್ತೇ ಇದೆ: ಹನ್ನೆರಡು ತಿಂಗಳು ಮೀರಿ ಬೇರೆ ರಾಜ್ಯದಲ್ಲಿ ಇಟ್ಟರೆ 1988ರ ಮೋಟಾರು ವಾಹನ ಕಾಯ್ದೆಯ 47ನೇ ಕಲಮಿನ ಪ್ರಕಾರ ಹೊಸ ನಂಬರು ಪಡೆಯಬೇಕು. ಆಗ ತಮಿಳುನಾಡಿಗೆ ಹೊಸದಾಗಿ ತೆರಿಗೆ ಕಟ್ಟಿ, ಮೊದಲಿನ ರಾಜ್ಯದಿಂದ ಉಳಿದ ಪಾಲು ವಾಪಸ್ ಪಡೆಯಲು ಅಲೆಯಬೇಕು. ಗೆಳೆಯರ ದೆಹಲಿ ಗಾಡಿಯ 'ಭಾಳ ಅಗ್ಗ'ದಲ್ಲಿ ಈ ತೆರಿಗೆ ಸೇರಿರಲಿಲ್ಲ.

ರಾಣಿಪೇಟೆ ಜಿಲ್ಲೆಯ ಪನಪ್ಪಾಕ್ಕಂನಲ್ಲಿ 2024ರ ಸೆಪ್ಟೆಂಬರ್ 28ರಂದು ಟಾಟಾ ಕಾರ್ಖಾನೆಗೆ ಅಡಿಗಲ್ಲು ಬಿತ್ತು, 9,000 ಕೋಟಿ ರೂಪಾಯಿಯ ಯೋಜನೆ. ಜಾಗ್ವಾರ್ ಲ್ಯಾಂಡ್ ರೋವರ್ ಗಾಡಿಗಳನ್ನೂ ಅಲ್ಲಿ ಮಾಡುವುದಾಗಿ ಹೇಳಿದ್ದಾರೆ. ಬೆಂಗಳೂರಿಗೆ ಹೋಗುವ ಹೆದ್ದಾರಿ ಅಲ್ಲಿಂದ ದೂರವಿಲ್ಲ.