ತಪ್ಪಿಹೋದ ಮಗನ ಮರಳುವಿಕೆ

ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಹೇಳಿದ ಸಾಮತಿಯೊಂದನ್ನು, ಅಂದರೆ ದೈವಸತ್ಯವನ್ನು ತಿಳಿಸುವ ಕಿರುಗತೆಯೊಂದನ್ನು, ಡಚ್ ಕಲಾವಿದ ರೆಂಬ್ರಾಂಟ್ (1606–1669) ತನ್ನ ಬಾಳಿನ ಕೊನೆಯ ವರ್ಷಗಳಲ್ಲಿ ಈ ತೈಲಚಿತ್ರಕ್ಕೆ ವಸ್ತುವಾಗಿಸಿಕೊಂಡನು. ಸುಮಾರು 262 ಸೆಂಟಿಮೀಟರ್ ಎತ್ತರದ ಈ ಕೃತಿಯು 1766ರಲ್ಲಿ ರಷ್ಯಾದ ಸಾಮ್ರಾಜ್ಞಿ ಎರಡನೆಯ ಕ್ಯಾಥರೀನಳ ಸಂಗ್ರಹಕ್ಕೆ ಸೇರಿತು.

ತಂದೆ ಬದುಕಿರುವಾಗಲೇ ಆಸ್ತಿಯ ಪಾಲು ಪಡೆದು, ದೂರದೇಶದಲ್ಲಿ ಅದನ್ನೆಲ್ಲ ಹಾಳುಮಾಡಿ, ಬರಗಾಲದಲ್ಲಿ ಹಂದಿ ಮೇಯಿಸುವ ಸ್ಥಿತಿಗೆ ಇಳಿದ ಕಿರಿಯ ಮಗ, ಕೂಲಿಯಾಳಾಗಿಯಾದರೂ ಇರುವೆನೆಂದು ಮನೆಗೆ ಮರಳಿ ಮಂಡಿಯೂರಿದ್ದಾನೆ. ಅವನ ತಲೆ ಬೋಳಾಗಿದೆ, ಎಡಗಾಲಿನ ಕೆರ ಕಳಚಿ ಬಿದ್ದು ಅಂಗಾಲು ಬರಿದಾಗಿದೆ, ಬಲಗಾಲಿನದು ಹರಿದು ಹಿಮ್ಮಡಿ ಕಾಣುತ್ತಿದೆ. ಆದರೂ ಸೊಂಟದಲ್ಲಿ ಚಿಕ್ಕದೊಂದು ಕತ್ತಿ ಉಳಿದಿದೆ. ಬಾಗಿದ ತಂದೆಯ ಎರಡು ಕೈಗಳೂ ಅವನ ಬೆನ್ನಿನ ಮೇಲಿವೆ, ಚಿತ್ರದ ಬೆಳಕು ಮುಖ್ಯವಾಗಿ ಅಲ್ಲಿಯೇ ನೆಲೆಗೊಂಡಿದೆ.

ಕ್ರೈಸ್ತ ಬೋಧನೆಯಲ್ಲಿ ಪಶ್ಚಾತ್ತಾಪವೆಂದರೆ ಮಾಡಿದ ತಪ್ಪಿಗಾಗಿ ಮರುಗುವುದಷ್ಟೇ ಅಲ್ಲ, ಬಾಳಿನ ದಿಕ್ಕನ್ನೇ ದೇವರತ್ತ ತಿರುಗಿಸುವುದು. ಆದರೆ ಆ ತಿರುಗುವಿಕೆಗಿಂತ ದೇವರ ಕರುಣೆಯೇ ಮುಂದಾಗಿರುತ್ತದೆಂಬುದು ಈ ಕಥೆಯ ತಿರುಳು, ಏಕೆಂದರೆ ಮಗನಿನ್ನೂ ದೂರದಲ್ಲಿರುವಾಗಲೇ ತಂದೆ ಓಡಿಬರುತ್ತಾನೆ, ಕೂಲಿಯಾಳಾಗಿಸೆಂಬ ಬೇಡಿಕೆ ಮಗನ ಬಾಯಿಂದ ಹೊರಡುವ ಮೊದಲೇ ಉಡುಗೆ, ಉಂಗುರ, ಕೆರಗಳನ್ನು ತರಿಸುತ್ತಾನೆ.

ಚಿತ್ರದ ಬಲಬದಿಯಲ್ಲಿ ನೆಟ್ಟಗೆ ನಿಂತಿರುವವನನ್ನು ಸಾಮಾನ್ಯವಾಗಿ ಹಿರಿಯ ಮಗನೆಂದು ಗುರುತಿಸಲಾಗುತ್ತದೆ. ಮೂಲ ಕಥೆಯಲ್ಲಿ ಅವನು ಹೊಲದಲ್ಲಿದ್ದು ತಡವಾಗಿ ಬರುತ್ತಾನಾದರೂ, ಅವನನ್ನು ಇಲ್ಲಿಯೇ ನಿಲ್ಲಿಸಿದ ಕಲಾವಿದನ ನಿರ್ಧಾರ ಅರ್ಥಪೂರ್ಣವಾದುದು: ಪಾಪಿಗಳೊಡನೆ ಯೇಸು ಊಟಮಾಡುತ್ತಾನೆಂದು ಗೊಣಗಿದ ಫರಿಸಾಯರಿಗೆ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಗಡದವರಿಗೆ, ಈ ಕಥೆಯನ್ನು ಹೇಳಲಾಯಿತು, ಅವರಂತೆಯೇ ತಮ್ಮನಿಗೆ ದೊರೆತ ಸ್ವಾಗತಕ್ಕೆ ಸಿಟ್ಟಾದ ಅಣ್ಣ ಕೊನೆಗೆ ಮನೆಯೊಳಗೆ ಹೋದನೇ ಎಂಬುದನ್ನು ಲೂಕನು ಬರೆದಿಲ್ಲ.