ಹಕೀಮ ನಂಜುಂಡ

ನಂಜನಗೂಡು ನನ್ನ ತವರು, ತಿರುಮಕೂಡಲು ನರಸೀಪುರ ಕೊಟ್ಟ ಮನೆ. ತವರಿನಲ್ಲಿ ಶ್ರೀಕಂಠೇಶ್ವರನ ಸನ್ನಿಧಿ ಹಾದು ಬಂದ ಕಪಿಲೆ ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿಕೊಂಡು ಅದನ್ನು ತ್ರಿವೇಣಿ ಸಂಗಮ ಎನ್ನುತ್ತಾರೆ. 1989ರಲ್ಲಿ ಅಲ್ಲಿ ಕುಂಭಮೇಳವೂ ಶುರುವಾಯಿತು.

ಚಿಕ್ಕಂದಿನಲ್ಲಿ ನಮಗೆ ಕಣ್ಣುಬೇನೆ ಬಂದರೆ ಅಜ್ಜಿ, "ಹಕೀಮ ನಂಜುಂಡಪ್ಪಾ, ಕಾಪಾಡಪ್ಪ" ಎಂದು ಕಾಸು ಮುಡಿಪು ಕಟ್ಟುತ್ತಿದ್ದಳು. ಟಿಪ್ಪುಸುಲ್ತಾನನ ಪಟ್ಟದಾನೆಗೆ ಕಣ್ಣು ಹೋಗಿತ್ತಂತೆ. ಇಲ್ಲಿ ಪೂಜೆ ಮಾಡಿಸಿದ ಮೇಲೆ ಕಣ್ಣು ಬಂತಂತೆ. ಸುಲ್ತಾನ ಸಂತೋಷಪಟ್ಟು ಪಚ್ಚೆಯ ಲಿಂಗ ಒಪ್ಪಿಸಿ, ದೇವರನ್ನು ಹಕೀಮನೆಂದು ಕರೆದನಂತೆ. ಹಕೀಮನೆಂದರೆ ವೈದ್ಯ. ನಂಜನ್ನೇ ಉಂಡ ದೇವರಿಗೆ ಎಷ್ಟು ಒಪ್ಪುವ ಹೆಸರು!

ಕೆಲವು ವರ್ಷಗಳ ಹಿಂದೆ ಏಳನೇ ತರಗತಿಯಲ್ಲಿ ಈ ಕಥೆ ಹೇಳುತ್ತಿದ್ದೆ. ಒಬ್ಬ ಹುಡುಗ ಎದ್ದು ನಿಂತ. "ಮಿಸ್, ಇದೆಲ್ಲ ಕಟ್ಟುಕಥೆಯಂತೆ. ಅವರು ನಮ್ಮ ದೇವರಿಗೆ ಯಾಕೆ ಕೊಡ್ತಾರೆ?" ಮೂರನೇ ಬೆಂಚಿನ ಮುಸ್ಲಿಂ ಹುಡುಗಿ ತಲೆ ತಗ್ಗಿಸಿ ಪುಸ್ತಕ ನೋಡತೊಡಗಿದಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಬದುಕಿದೆನೆಂದು ಹೊರಗೆ ಬಂದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಹುಡುಗನ ಪ್ರಶ್ನೆಗಿಂತ ನನ್ನ ಮೌನವೇ ಚುಚ್ಚುತ್ತಿತ್ತು.

ಮಾರನೆಯ ದಿನ ಹೇಳಿದೆ: "ಆನೆಗೆ ಕಣ್ಣು ಬಂದದ್ದು ಜನ ಹೇಳುವ ಕಥೆ. ಅದಕ್ಕೆ ನಾನು ಸಾಕ್ಷಿ ಕೊಡಲಾರೆ. ಆದರೆ ನಂಜನಗೂಡಿನ ಪಕ್ಕದಲ್ಲೇ ಕಳಲೆ ಇದೆ. ಅಲ್ಲಿನ ಲಕ್ಷ್ಮೀಕಾಂತಸ್ವಾಮಿ ದೇವಸ್ಥಾನದ ಬೆಳ್ಳಿ ಬಟ್ಟಲುಗಳ ಮೇಲೆ ಅವು ಟಿಪ್ಪುವಿನ ಕೊಡುಗೆ ಎಂದು ಬರೆದಿದೆ. ಅದು ಕಥೆಯಲ್ಲ, ದಾಖಲೆ. ಕೊಡಗಿನಲ್ಲಿ, ಮಲಬಾರಿನಲ್ಲಿ ಅವನ ದಂಡು ನಡೆಸಿದ ಕ್ರೌರ್ಯವೂ ದಾಖಲೆಯೇ. ಒಂದನ್ನು ಓದಿ ಇನ್ನೊಂದನ್ನು ಮುಚ್ಚಿಡಬಾರದು. ಟಿಪ್ಪು 1799ರಲ್ಲಿ ಸತ್ತ. ನಂಜನಗೂಡಿನ ಏಳಂತಸ್ತಿನ ಗೋಪುರವನ್ನು 1845ರಲ್ಲಿ ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ದೊಡ್ಡ ದೇವಸ್ಥಾನ ಒಂದೇ ಕೈಯಲ್ಲಿ ಬೆಳೆಯುವುದಿಲ್ಲ."

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಕಳಲೆಗೆ ಬಸ್ಸು ಎಲ್ಲಿ ಸಿಗುತ್ತೆ ಮಿಸ್?" ಎಂದು ಕೇಳಿದ. ಒಪ್ಪಿದನೋ ಇಲ್ಲವೋ, ಹೋಗಿ ನೋಡಬೇಕೆಂಬ ಮನಸ್ಸಂತೂ ಬಂದಿತ್ತು. ಮೇಷ್ಟ್ರಿಗೆ ಅಷ್ಟು ಸಾಕು.

ಹೊರಗೆ ಬರುವಾಗ ಆ ಹುಡುಗಿ ಹಿಂದೆಯೇ ಬಂದಳು. "ಮಿಸ್, ನಮ್ಮ ಮನೇಲೂ ಡಾಕ್ಟರಿಗೆ ಹಕೀಮ್ ಅಂತಾರೆ" ಎಂದಳು. ಈ ಬಾರಿ ಅವಳ ತಲೆ ತಗ್ಗಿರಲಿಲ್ಲ.

ಅಜ್ಜಿಗೆ ಓದು ಬರುತ್ತಿರಲಿಲ್ಲ. ಆದರೂ ಹಕೀಮ ಮತ್ತು ನಂಜುಂಡ ಎಂಬ ಎರಡು ಮಾತನ್ನು ಅವಳು ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು. ಬಿ.ಎ., ಬಿ.ಎಡ್. ಮಾಡಿದ ನನಗೆ ಅದನ್ನು ಗಟ್ಟಿಯಾಗಿ ಹೇಳಲು ಒಂದು ರಾತ್ರಿ ಬೇಕಾಯಿತು.