ಒಂದೇ ವೇಷ, ಹಲವರು ನಟರು: ತುಂಗಭದ್ರೆಯ ಇಕ್ಕೆಲದ ಪ್ರೇಕ್ಷಕರ ತಾರತಮ್ಯವಿಚಾರ

ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬರೆದ ವಿದ್ವಾಂಸರು ನಾಟಕಗಳನ್ನೂ ಅವುಗಳ ಕರ್ತೃಗಳನ್ನೂ ಮಂಡಳಿಗಳ ಏಳುಬೀಳುಗಳನ್ನೂ ಕ್ರಮವಾಗಿ ನಿರೂಪಿಸಿದ್ದಾರೆ. ನೋಡಿದವನು ಮಾತ್ರ ಈ ಚರಿತ್ರೆಯಲ್ಲಿ ಹೊರಗೆ ಉಳಿದಿದ್ದಾನೆ. ಅವನು ರಾತ್ರಿಯೆಲ್ಲ ಎಚ್ಚರವಿದ್ದು ಆಟವನ್ನು ನೋಡಿದನು. ಬೆಳಗಾದ ಮೇಲೆ ಊರ ಕಟ್ಟೆಯ ಮೇಲೆ ಕುಳಿತು, ಈ ವರ್ಷದ ಭೀಮನು ಹೋದ ವರ್ಷದ ಭೀಮನಿಗೆ ಸಾಟಿಯೆ ಅಲ್ಲವೆ ಎಂದು ವಾದಿಸಿದನು. ಆ ವಾದವು ಹರಟೆಯೆಂದು ಎಣಿಸಲ್ಪಟ್ಟು ಯಾವ ಗ್ರಂಥವನ್ನೂ ಸೇರಲಿಲ್ಲ. ಆದರೆ ಧ್ವನಿಮುದ್ರಣವೂ ಚಲನಚಿತ್ರವೂ ಬರುವುದಕ್ಕೆ ಮುಂಚೆ ಬಾಳಿದ ನಟನ ಅಭಿನಯವು ಅವನೊಡನೆಯೇ ಅಳಿದುಹೋಯಿತೆಂಬುದನ್ನು ನೆನೆದರೆ, ಆ ಅಭಿನಯದ ವಿಷಯದಲ್ಲಿ ಇಂದಿಗೆ ಉಳಿದಿರುವ ಸಾಕ್ಷ್ಯವು ಬಹುಮಟ್ಟಿಗೆ ಈ ಹರಟೆಯೊಂದೇ ಎಂದು ಒಪ್ಪಬೇಕಾಗುತ್ತದೆ. ಆದುದರಿಂದ ಇದು ಎಷ್ಟರಮಟ್ಟಿಗೆ ನಂಬತಕ್ಕ ಸಾಕ್ಷ್ಯವೆಂಬುದು ಸಾಹಿತ್ಯಚರಿತ್ರಕಾರನಿಗೆ ಉದಾಸೀನದ ವಿಷಯವಾಗಲಾರದು.

ನಟರನ್ನು ಒಬ್ಬರೊಡನೊಬ್ಬರನ್ನು ತೂಗಿ ನೋಡುವುದು ಹೊಸ ಚಪಲವಲ್ಲ. ಭರತನ ನಾಟ್ಯಶಾಸ್ತ್ರದ ಇಪ್ಪತ್ತೇಳನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನೇ ವಿಷಯವಾಗುಳ್ಳದ್ದು. ನಟರ ನಡುವೆ ಸಂಘರ್ಷ ಹುಟ್ಟಿದಾಗ ತೀರ್ಪು ಹೇಳತಕ್ಕ ಪ್ರಾಶ್ನಿಕರು ಯಾರೆಂಬುದನ್ನೂ ಗೆದ್ದವನಿಗೆ ಪತಾಕೆಯನ್ನು ಕೊಡುವ ಕ್ರಮವನ್ನೂ ಅಲ್ಲಿ ಹೇಳಿದೆ. ಪ್ರಾಶ್ನಿಕರಲ್ಲಿ ಯಜ್ಞವಿದನೂ ಛಂದಸ್ಸನ್ನು ಬಲ್ಲವನೂ ಇರುವಂತೆಯೇ ಬಿಲ್ಲುಗಾರನೂ ಚಿತ್ರಕಾರನೂ ವೇಶ್ಯೆಯೂ ಇದ್ದಾರೆ. ರಂಗದ ಮೇಲೆ ಬಾಣ ಹೂಡುವ ಬಗೆ ಸರಿಯೆ ಎಂದು ಬಿಲ್ಲುಗಾರನೇ ಹೇಳಬೇಕೆಂಬುದು ಶಾಸ್ತ್ರಕಾರನ ಆಶಯ. ಇನ್ನೊಂದು ಅಂಶವು ಇನ್ನೂ ಗಮನಾರ್ಹವಾದುದು. ಪ್ರೇಕ್ಷಕರ ಮೆಚ್ಚಿಗೆಯನ್ನು ತೋರಿಸುವ ಮಾನುಷೀ ಸಿದ್ಧಿಯ ಲಕ್ಷಣಗಳಲ್ಲಿ ಮುಗುಳುನಗೆ, ಸಾಧುವಾದ, ರೋಮಾಂಚಗಳೊಡನೆ ವಸ್ತ್ರವನ್ನು ಕೊಡುವುದೂ ಉಂಗುರವನ್ನು ಎಸೆಯುವುದೂ ಸೇರಿವೆ. ಉತ್ತರ ಕರ್ಣಾಟಕದ ಬಯಲಾಟಗಳಲ್ಲಿ ಆಟದ ನಡುವೆ ವೇಷಧಾರಿಗೆ ಆಯೇರು ಮಾಡಿ, ಕೊಟ್ಟವನ ಹೆಸರನ್ನು ರಂಗದಿಂದ ಕೂಗಿ ಹೇಳುವ ವಾಡಿಕೆಯನ್ನು ಕಂಡವರಿಗೆ ಇದು ಅಪರಿಚಿತವೆನಿಸದು. ಶಾಸ್ತ್ರದಿಂದ ವಾಡಿಕೆ ಬಂತೆಂದು ಹೇಳುವುದಕ್ಕೆ ಆಧಾರವಿಲ್ಲ; ವಾಡಿಕೆಯನ್ನು ನೋಡಿಯೇ ಶಾಸ್ತ್ರ ಹುಟ್ಟಿರಬೇಕೆಂಬುದು ಹೆಚ್ಚು ಸಂಭವನೀಯ.

ಈ ತಾರತಮ್ಯಕ್ಕೆ ಅವಶ್ಯವಾದುದು ಒಂದು: ಕಥೆ ಎಲ್ಲರಿಗೂ ಮೊದಲೇ ಗೊತ್ತಿರಬೇಕು. ಮುಂದೇನಾಗುವುದೋ ಎಂಬ ಕುತೂಹಲವಿರುವವರೆಗೆ ಪ್ರೇಕ್ಷಕನು ನಟನನ್ನು ನೋಡಲಾರನು, ಪಾತ್ರವನ್ನೇ ನೋಡುತ್ತಾನೆ. ಕರ್ಣಪರ್ವದ ಕೊನೆ ಏನೆಂದು ಬಲ್ಲವನ ಕಣ್ಣು ಕರ್ಣನ ವೇಷದವನ ನಿಲುವು, ಕಂಠ, ಹೆಜ್ಜೆಗಳ ಮೇಲೆ ನಿಲ್ಲುತ್ತದೆ. ರಾಯಚೂರು ಬಳ್ಳಾರಿ ಜಿಲ್ಲೆಗಳ ದೊಡ್ಡಾಟದಲ್ಲಿ ಈ ಸ್ಥಿತಿ ಪೂರ್ಣವಾಗಿತ್ತು. ಕಿರೀಟ ಭುಜಕೀರ್ತಿಗಳನ್ನು ಕಟ್ಟಿ ಬರುವ ಅರಸನನ್ನು ಸಾರಥಿಯು ‘ನೀವು ಯಾರು’ ಎಂದು ಕೇಳುವುದು ಕೇವಲ ಸಂಪ್ರದಾಯ. ಬಂದವನು ದುರ್ಯೋಧನನೆಂಬುದನ್ನೂ ಅವನು ಊರಿನ ಯಾವ ಮನೆಯವನೆಂಬುದನ್ನೂ ಕುಳಿತವರೆಲ್ಲ ಬಲ್ಲರು.

ಸಿಂಧನೂರು ತಾಲ್ಲೂಕಿನ ಮುಕ್ಕುಂದವು ತುಂಗಭದ್ರೆಯ ಎಡದಂಡೆಯ ಊರು. ಆಚೆಯ ದಂಡೆ ಸಿರುಗುಪ್ಪದ ಸೀಮೆ. 1948ರ ಸೆಪ್ಟೆಂಬರ್ ತಿಂಗಳವರೆಗೆ ಈಚೆಯದು ನಿಜಾಮರ ರಾಜ್ಯ. ಆಚೆಯದು 1953ರವರೆಗೆ ಮದರಾಸಿಗೆ ಸೇರಿದ್ದುದು. ಎಡದಂಡೆಯಲ್ಲಿ ಕಚೇರಿಯ ಭಾಷೆ ಉರ್ದು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಅದೇ. ಇಂಥ ಕಡೆಯಲ್ಲಿ ಕನ್ನಡದ ಮಾತನ್ನು ಸಾವಿರ ಜನ ಒಟ್ಟಾಗಿ ಕುಳಿತು ಕೇಳುವ ಸ್ಥಳವೆಂದರೆ ಆಟದ ಅಟ್ಟದ ಮುಂದಲ್ಲದೆ ಬೇರೆ ಬಹಳ ಇರಲಿಲ್ಲ. ಯಾರ ಮಾತು ಶುದ್ಧ, ಯಾರ ಉಚ್ಚಾರ ಗಟ್ಟಿ ಎಂಬ ವಿಚಾರಣೆ ಆ ದಂಡೆಯಲ್ಲಿ ಭಾಷಾವಿಚಾರವೂ ಆಗಿತ್ತೆಂಬುದನ್ನು ಮರೆಯಬಾರದು. ನದಿಯು ಎರಡು ಸರ್ಕಾರಗಳನ್ನು ಬೇರ್ಪಡಿಸಿತ್ತೇ ಹೊರತು ಎರಡು ಪ್ರೇಕ್ಷಕವರ್ಗಗಳನ್ನಲ್ಲ.

ಬಲದಂಡೆಯ ಬಳ್ಳಾರಿಯಲ್ಲಿ ಈ ಪಕ್ಷಭೇದವು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಸಭೆಗಳ ರೂಪವನ್ನು ತಳೆದಿತ್ತು. ಧರ್ಮವರಂ ಕೃಷ್ಣಮಾಚಾರ್ಯರ ಸರಸವಿನೋದಿನೀ ಸಭೆ ಒಂದು. ಕೋಲಾಚಲಂ ಶ್ರೀನಿವಾಸರಾಯರ ಸುಮನೋರಮಾ ಸಭೆ ಇನ್ನೊಂದು. ಇವರ ನಾಟಕಗಳು ಮುಖ್ಯವಾಗಿ ತೆಲುಗಿನವು. ಆದರೆ ಬಳ್ಳಾರಿಯ ಪ್ರೇಕ್ಷಕನು ಎರಡು ಭಾಷೆಗಳವನು. ಒಂದು ಪಕ್ಷದ ನಟನು ಇನ್ನೊಂದು ಪಕ್ಷದ ರಸಿಕನಿಗೆ ರುಚಿಸಬಾರದೆಂಬ ನಿಯಮವನ್ನು ಮುರಿದವರು ಬಳ್ಳಾರಿ ರಾಘವಾಚಾರ್ಯರು (1880–1946). ಅವರು ಕೃಷ್ಣಮಾಚಾರ್ಯರ ಸೋದರಳಿಯರು. ಆದರೂ ಕೋಲಾಚಲಂ ಅವರು ವಿಜಯನಗರದ ಪತನವನ್ನು ಕುರಿತು ಬರೆದ ನಾಟಕದಲ್ಲಿ ಪಠಾಣ ರುಸ್ತುಮನ ಪಾತ್ರದಿಂದ ಪ್ರಖ್ಯಾತರಾದರು. ಪಕ್ಷವನ್ನು ಹಿಡಿದು ನೋಡುವ ಪ್ರೇಕ್ಷಕನೂ ಕಣ್ಣು ಕಟ್ಟಿಕೊಂಡು ನೋಡುತ್ತಿರಲಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಇಬ್ಬರು ನಾಯಕನಟರ ತಾರತಮ್ಯವನ್ನು ಒಂದೇ ರಂಗದ ಮೇಲೆ ತೀರಿಸಿಬಿಡುವ ಪ್ರಯತ್ನವೂ ಒಮ್ಮೆ ನಡೆಯಿತು. ಅದು ಮರಾಠೀ ರಂಗಭೂಮಿಯ ಘಟನೆಯಾದರೂ ಅದರ ಬೇರು ಕನ್ನಡನಾಡಿನಲ್ಲಿದೆ. ಕೇಶವರಾವ್ ಭೋಸಲೆಯವರು ತಮ್ಮ ಲಲಿತಕಲಾದರ್ಶ ಮಂಡಳಿಯನ್ನು 1908ರಲ್ಲಿ ಸ್ಥಾಪಿಸಿದುದು ಹುಬ್ಬಳ್ಳಿಯಲ್ಲಿ. ಅವರ ಸಮಕಾಲೀನರಾದ ನಾರಾಯಣ ಶ್ರೀಪಾದ ರಾಜಹಂಸರು ಬಾಲಗಂಧರ್ವರೆಂದು ಹೆಸರಾಗಿ 1913ರಲ್ಲಿ ಗಂಧರ್ವ ಮಂಡಳಿಯನ್ನು ಕಟ್ಟಿದರು. ಒಬ್ಬರದು ಏರುಕಂಠದ ವೀರಶ್ರೀ, ಇನ್ನೊಬ್ಬರದು ಸ್ತ್ರೀವೇಷದ ಲಾಲಿತ್ಯ; ಎರಡನ್ನೂ ಕೇಳಿದ ಹುಬ್ಬಳ್ಳಿ ಧಾರವಾಡ ಬೆಳಗಾವಿಗಳ ರಸಿಕರು ಎರಡು ಬಣಗಳಾಗಿ ಒಡೆದುದರಲ್ಲಿ ಆಶ್ಚರ್ಯವಿಲ್ಲ. 1921ರ ಜುಲೈ 8ರಂದು ತಿಲಕ್ ಸ್ವರಾಜ್ಯ ನಿಧಿಯ ಸಹಾಯಾರ್ಥವಾಗಿ ಮುಂಬಯಿಯಲ್ಲಿ ಇಬ್ಬರೂ ಕೂಡಿ ಖಾಡಿಲ್ಕರರ ‘ಮಾನಾಪಮಾನ’ವನ್ನು ಆಡಿದರು. ಕೇಶವರಾಯರು ಧೈರ್ಯಧರ, ಬಾಲಗಂಧರ್ವರು ಭಾಮಿನಿ. ಇಲ್ಲಿ ನಡೆದ ಸೂಕ್ಷ್ಮವನ್ನು ಗಮನಿಸಬೇಕು. ಪ್ರತಿಸ್ಪರ್ಧಿಗಳಾದ ಇಬ್ಬರು ಗಂಡಸರು ಅಂದು ಪ್ರಣಯಿಗಳಾಗಿ ನಿಂತರು. ಒಬ್ಬನು ಚೆನ್ನಾಗಿ ಹಾಡಿದಷ್ಟೂ ಇನ್ನೊಬ್ಬನ ಪಾತ್ರಕ್ಕೆ ಕಳೆಯೇರಬೇಕಾದ ಸಂದರ್ಭ. ಯಾರು ಹೆಚ್ಚೆಂದು ನೋಡಲು ಹೋದವನು ಜೋಡಿಯನ್ನು ಮೆಚ್ಚಿ ಬಂದನು. ಅದೇ ವರ್ಷದ ಅಕ್ಟೋಬರ್ 4ರಂದು ಕೇಶವರಾಯರು ತೀರಿಕೊಂಡರು. ವಾದವು ತೀರ್ಪಿಲ್ಲದೆ ಉಳಿಯಿತು. ಬಾಲಗಂಧರ್ವರು 1967ರವರೆಗೆ ಬಾಳಿದರೂ ಅವರೆದುರು ನಿಲ್ಲಬೇಕಾದ ಇನ್ನೊಂದು ಪಕ್ಷವೇ ಇಲ್ಲವಾಗಿತ್ತು. ಅಕಾಲದಲ್ಲಿ ಅಳಿದ ನಟನನ್ನು ಸ್ಮರಣೆಯು ದೊಡ್ಡವನಾಗಿ ಮಾಡುತ್ತದೆಂಬ ಎಚ್ಚರವು ಇಂಥ ಕಡೆ ಬೇಕು.

ಹಳೆಯ ಮೈಸೂರಿನ ಕಥೆಯು ಹೆಚ್ಚು ಪರಿಚಿತವಾದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. 1904ರಲ್ಲಿ ರತ್ನಾವಳಿ ಮಂಡಳಿಯನ್ನು ಕಟ್ಟಿದ ಎ. ವಿ. ವರದಾಚಾರ್ಯರ ಸಂಗೀತದ ಮುಂದೆ ಇನ್ನೊಬ್ಬರನ್ನು ಒಪ್ಪದವರೂ, 1884ರಲ್ಲಿ ಹುಟ್ಟಿದ ಗುಬ್ಬಿಯ ಸಂಘದಲ್ಲಿ ವೀರಣ್ಣನವರ ‘ಸದಾರಮೆ’ಯ ಕಳ್ಳನನ್ನು ನೋಡುವುದಕ್ಕೆಂದೇ ಮತ್ತೆ ಮತ್ತೆ ಹೋದವರೂ ಅಲ್ಲಿದ್ದರು. ನಾಯಕನನ್ನು ಬಿಟ್ಟು ಕಳ್ಳನನ್ನು ಆರಿಸಿಕೊಂಡ ಈ ಎರಡನೆಯವರು ಅಲಂಕಾರಶಾಸ್ತ್ರಕ್ಕೆ ಒಂದು ತೊಡಕನ್ನು ತಂದಿಟ್ಟರು. ನಾಯಕನಾರೆಂಬುದನ್ನು ಕವಿಯು ನಿಶ್ಚಯಿಸಿದರೂ ಪ್ರಧಾನ ನಟನಾರೆಂಬುದನ್ನು ಪ್ರೇಕ್ಷಕನೇ ನಿಶ್ಚಯಿಸುತ್ತಾನೆ.

ನಟರ ತಾರತಮ್ಯದಂತೆಯೇ ಸಂಬಂಧಗಳ ತಾರತಮ್ಯವೂ ಈ ವಾದಗಳಲ್ಲಿ ಸೇರಿತ್ತು. ಇದಕ್ಕೆ ‘ಶ್ರೀಕೃಷ್ಣಪಾರಿಜಾತ’ಕ್ಕಿಂತ ಒಳ್ಳೆಯ ಉದಾಹರಣೆ ಸಿಕ್ಕದು. ಅಪರಾಳ ತಮ್ಮಣ್ಣನ ರಚನೆಯೆಂದೂ ಕುಲಗೋಡ ತಮ್ಮಣ್ಣನಿಂದ ಬೆಳೆಯಿತೆಂದೂ ಪ್ರಸಿದ್ಧವಾದ ಈ ಆಟದಲ್ಲಿ ನಾರದನು ತಂದ ಹೂವನ್ನು ಕೃಷ್ಣನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಪುರಾಣದ ದೃಷ್ಟಿಯಿಂದ ಗೆಲುವು ರುಕ್ಮಿಣಿಯ ಭಕ್ತಿಗೆ. ರಂಗದ ಮೇಲಾದರೋ ಹಾಡುಗಳೂ ಮುನಿಸೂ ಮಾತಿನ ಚಮತ್ಕಾರವೂ ಸತ್ಯಭಾಮೆಯವು. ಆದ್ದರಿಂದ ಸಮರ್ಥನಾದ ನಟನು ಯಾವಾಗಲೂ ಭಾಮೆಯ ವೇಷವನ್ನೇ ಹಿಡಿದನು, ರುಕ್ಮಿಣಿಯ ಪಾಲಿಗೆ ಧರ್ಮವೊಂದೇ ಉಳಿಯಿತು. ಕೃಷ್ಣನಿಗೆ ಯಾರು ತಕ್ಕವಳೆಂಬ ಪ್ರಶ್ನೆಗೆ ಹರಿದಾಸರ ಕಥೆಯನ್ನು ಕೇಳಿ ಬಂದವನು ಕೊಡುವ ಉತ್ತರವೂ ಪಾರಿಜಾತವನ್ನು ನೋಡಿ ಬಂದವನು ಕೊಡುವ ಉತ್ತರವೂ ಬೇರೆಯಾಗುವುದಕ್ಕೆ ಕಾರಣ ಇದೇ. ಅಭಿನಯವು ಧರ್ಮನಿರ್ಣಯವನ್ನು ಪಲ್ಲಟಮಾಡಬಲ್ಲದೆಂಬುದನ್ನು ಪಂಡಿತರಿಗಿಂತ ಮೊದಲು ಕಂಡುಕೊಂಡವರು ಈ ಪ್ರೇಕ್ಷಕರು.

ವೇಷವು ಗಂಡಸಿನಿಂದ ಹೆಂಗಸಿನ ಕೈಗೆ ಬಂದಾಗ ವಾದವು ಇನ್ನಷ್ಟು ಕಾವೇರಿತು. ಸ್ತ್ರೀಪಾತ್ರವನ್ನು ಸ್ತ್ರೀಯರೇ ವಹಿಸಬೇಕೆಂದು ರಾಘವಾಚಾರ್ಯರು ಬಹಳ ಶ್ರಮಪಟ್ಟು ಸಾಧಿಸಿದರು. ಆದರೆ ಸ್ತ್ರೀವೇಷದ ಗಂಡಸಿಗೆ ಒಗ್ಗಿದ ಕಣ್ಣಿಗೆ ನಿಜವಾದ ಹೆಂಗಸು ‘ಹೆಣ್ಣಿನಂತೆ’ ಕಾಣಲಿಲ್ಲವೆಂಬುದು ಆ ಕಾಲದ ಒಂದು ವಿಚಿತ್ರ. ಏಣಗಿ ಬಾಳಪ್ಪನವರು (1914–2017) ಎಳೆವಯಸ್ಸಿನಲ್ಲಿ ಸ್ತ್ರೀಪಾತ್ರಗಳಿಂದ ಹೆಸರು ಪಡೆದು ಮುಂದೆ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನಾಗಿ ಪೂಜ್ಯರಾದವರು, ಅವರ ಒಂದು ಆಯುಷ್ಯದಲ್ಲಿಯೇ ಈ ಬದಲಾವಣೆಯೆಲ್ಲ ನಡೆದುಹೋಯಿತು. ದೂರದ ದೇಶದ ಒಂದು ಸಂಗತಿ ಇಲ್ಲಿ ಬೆಳಕು ಕೊಡುತ್ತದೆ. ಇಂಗ್ಲೆಂಡಿನ ಬಿಬಿಸಿ ದೂರದರ್ಶನದಲ್ಲಿ 1963ರಲ್ಲಿ ಮೊದಲಾದ ‘ಡಾಕ್ಟರ್ ಹೂ’ ಎಂಬ ವೈಜ್ಞಾನಿಕ ಕಥಾಮಾಲೆಯ ನಾಯಕನು ಸಾಯುವ ಹೊತ್ತಿಗೆ ಬೇರೊಂದು ದೇಹವನ್ನು ತಳೆಯುತ್ತಾನೆ. 1966ರಲ್ಲಿ ವಿಲಿಯಂ ಹಾರ್ಟ್‌ನೆಲ್ ಎಂಬ ನಟನ ಸ್ಥಾನಕ್ಕೆ ಪ್ಯಾಟ್ರಿಕ್ ಟ್ರೌಟನ್ ಬಂದುದು ಮೊದಲುಗೊಂಡು, ಅಲ್ಲಿಯ ರಸಿಕರು ಯಾವ ನಟನು ಮೇಲು, ಯಾವ ಸಂಗಾತಿ ಅವನಿಗೆ ಒಪ್ಪುವಳು ಎಂದು ವಾದಿಸುತ್ತ ಬಂದರು. 2017ರಲ್ಲಿ ಆ ಪಾತ್ರವು ಮೊದಲ ಸಲ ಜೋಡಿ ವಿಟಕರ್ ಎಂಬ ನಟಿಗೆ ಬಂದಾಗ ಎದ್ದ ಆಕ್ಷೇಪಗಳು, ಲಿಂಗಗಳನ್ನು ಅದಲುಬದಲು ಮಾಡಿದರೆ, ನಮ್ಮ ಮಂಡಳಿಗಳ ಕಾಲದವೇ ಆಗಿದ್ದವು. ಯಂತ್ರದ ಕಥೆಯಾದರೂ ಪುರಾಣದ ಕಥೆಯಾದರೂ ವೇಷವು ನಟನಿಗಿಂತ ಹೆಚ್ಚು ಕಾಲ ಬಾಳಿದರೆ ಈ ವಾದವು ಹುಟ್ಟಿಯೇ ತೀರುತ್ತದೆ.

ಇನ್ನು ಸಾಕ್ಷ್ಯದ ದೋಷಗಳು. ಆಯೇರು ಮಾಡುವವನು ಬಹಳ ವೇಳೆ ವೇಷಧಾರಿಯ ಬಂಧು. ಅವನ ಕಾಣಿಕೆ ನಂಟಸ್ತಿಕೆಯ ಅಳತೆ, ಕಲೆಯದಲ್ಲ. ಮಂಡಳಿಯ ನಾಟಕದಲ್ಲಿ ‘ಒನ್ಸ್ ಮೋರ್’ ಎಂಬ ಕೂಗು ಕಂಠಕ್ಕೆ ಸಲ್ಲುತ್ತಿದ್ದುದೇ ಹೊರತು ಅಭಿನಯಕ್ಕಲ್ಲ; ಹಾಡದ ಪಾತ್ರದವನಿಗೆ ಆ ಮಾನದಲ್ಲಿ ಲೆಕ್ಕವೇ ಇಲ್ಲ. ದೊಡ್ಡಾಟದಲ್ಲಿ ವೇಷದ ಖರ್ಚನ್ನು ವೇಷಧಾರಿಯೇ ಹೊರುವ ರೂಢಿಯಿರುವೆಡೆ ನಾಯಕಪಾತ್ರವು ಉಳ್ಳವನ ಮನೆಯನ್ನು ಹುಡುಕಿಕೊಂಡು ಹೋಗುವುದು ಸಹಜ. ಅಂಥ ಕಡೆ ಭೀಮನು ಚೆನ್ನಾಗಿಲ್ಲವೆಂದು ಕಟ್ಟೆಯ ಮೇಲೆ ಬಾಯಿಬಿಟ್ಟು ಹೇಳುವುದಕ್ಕೆ ಎಲ್ಲರಿಗೂ ಎದೆಗಾರಿಕೆಯಿರಲಾರದು. ಇಷ್ಟೆಲ್ಲ ಕಳೆದ ಮೇಲೂ, ಉಳ್ಳವನ ಮಗನನ್ನು ಬಿಟ್ಟು ಇನ್ನೊಬ್ಬನ ಹೆಸರನ್ನು ಒಂದು ಊರು ನೆನಪಿನಲ್ಲಿಟ್ಟುಕೊಂಡಿದ್ದರೆ ಆ ನೆನಪನ್ನು ನಂಬಬಹುದು, ಅದಕ್ಕೆ ಸ್ವಾರ್ಥವಿಲ್ಲ.

ಇದರಲ್ಲಿ ಇನ್ನೂ ವಿಚಾರಿಸಬೇಕಾದ ಒಂದು ಪಕ್ಷವಿದೆ. ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ಯು, ಅಶ್ವತ್ಥಾಮನು ಇರುಳಿನಲ್ಲಿ ಉಪಪಾಂಡವರನ್ನು ಕೊಂದ ಸೌಪ್ತಿಕಪರ್ವದ ವಸ್ತುವುಳ್ಳದ್ದಾಗಿ, ಬಳ್ಳಾರಿ ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಬಹಳ ಪ್ರಚಾರವನ್ನು ಪಡೆಯಿತು. ಊರ ಜಾತ್ರೆಯಲ್ಲಿ ಇಂಥ ನಾಟಕವನ್ನು ಆಡುವವರು ಆ ಊರಿನ ಗಂಡಸರೇ. ಸ್ತ್ರೀಪಾತ್ರಕ್ಕೆ ಮಾತ್ರ ಬಳ್ಳಾರಿ, ಮರಿಯಮ್ಮನಹಳ್ಳಿ ಮುಂತಾದ ಕಡೆಗಳಿಂದ ವೃತ್ತಿನಟಿಯರನ್ನು ಸಂಭಾವನೆ ಕೊಟ್ಟು ಕರೆಸುತ್ತಾರೆ. ಹೀಗಾಗಿ ತಾರತಮ್ಯದ ಕ್ರಮವೇ ಇಲ್ಲಿ ತಲೆಕೆಳಗಾಗಿದೆ. ಮಂಡಳಿಯಲ್ಲಿ ಒಬ್ಬ ನಾಯಕನೆದುರು ಊರಿನಿಂದೂರಿಗೆ ಪ್ರೇಕ್ಷಕರು ಬದಲಾಗುತ್ತಿದ್ದರೆ, ಇಲ್ಲಿ ಒಬ್ಬಳೇ ದ್ರೌಪದಿಯ ಎದುರಿಗೆ ಇಂದು ಒಂದು ಊರಿನ ಭೀಮ, ನಾಳೆ ಇನ್ನೊಂದು ಊರಿನ ಭೀಮ. ರಕ್ತರಾತ್ರಿಯ ದ್ರೌಪದಿಯಾಗಿ ವಿಖ್ಯಾತರಾದ ಸುಭದ್ರಮ್ಮ ಮನ್ಸೂರು (1939–2020) ಅವರೆದುರಿಗೆ ಎಷ್ಟು ಮಂದಿ ಭೀಮರೂ ಎಷ್ಟು ಮಂದಿ ಅಶ್ವತ್ಥಾಮರೂ ನಿಂತರೆಂಬುದನ್ನು ಎಣಿಸಿದವರಿಲ್ಲ. ಒಂದು ಊರಿನ ಪ್ರೇಕ್ಷಕನು ತನ್ನ ಊರಿನ ನಾಲ್ಕಾರು ನಟರನ್ನು ಮಾತ್ರ ತೂಗಬಲ್ಲನು. ಇಡೀ ಸೀಮೆಯ ನಾಯಕನಟರನ್ನೆಲ್ಲ ಒಂದು ಮೊಳದ ಅಂತರದಿಂದ ಕಂಡವಳು ಆ ನಟಿ. ಯಾವನು ಪದ್ಯವನ್ನು ನುಂಗಿದನು, ಯಾವನು ಮರೆತ ಮಾತನ್ನು ತಾನು ಎತ್ತಿಕೊಡಬೇಕಾಯಿತು ಎಂಬುದನ್ನು ಬಲ್ಲವಳೂ ಅವಳೇ. ಭರತನು ಹೇಳಿದ ಪ್ರಾಶ್ನಿಕರ ಪಟ್ಟಿಗೆ ಸೇರಿಸಬೇಕಾದ ಹೆಸರೊಂದಿದ್ದರೆ ಅದು ಇವಳದು. ಅವಳನ್ನು ಹಾಡಿಸಿದವರು ಹಲವರು, ಸನ್ಮಾನಿಸಿದವರು ಕೆಲವರು. ಎದುರಿನ ನಟನು ಹೇಗಿದ್ದನೆಂದು ಕೇಳಿ ಬರೆದುಕೊಂಡವರು ವಿರಳ.

ಹಳ್ಳಿಯ ನಾಟಕಗಳಿಗೆ ಅಚ್ಚುಹಾಕಿಸುವ ಕರಪತ್ರಗಳಲ್ಲಿ ಪಾತ್ರದ ಹೆಸರೂ ಅದರೆದುರಿಗೆ ಊರಿನ ನಟನ ಹೆಸರೂ ಇರುತ್ತವೆ. ನಟಿಯ ಹೆಸರು ದಪ್ಪ ಅಕ್ಷರದಲ್ಲಿ. ಜಾತ್ರೆಯ ಮರುದಿನ ಅವು ಕಸವಾಗುತ್ತವೆ. ಒಂದೊಂದು ಊರಿನ ಕರಪತ್ರಗಳನ್ನು ವರ್ಷಾನುಕ್ರಮದಲ್ಲಿ ಕೂಡಿಸಿದರೆ ಒಂದು ವೇಷವು ಯಾವ ಮನೆಯಿಂದ ಯಾವ ಮನೆಗೆ ನಡೆಯಿತೆಂಬುದು ತಿಳಿದೀತು. ತೀರ್ಪು ಮಾತ್ರ ಆ ಕಾಗದದಲ್ಲಿಲ್ಲ. ಅದನ್ನು ವೃದ್ಧರಾದ ಪ್ರೇಕ್ಷಕರಿಂದಲೂ ವೃದ್ಧೆಯರಾದ ನಟಿಯರಿಂದಲೂ, ಅವರಿರುವಾಗಲೇ, ಬೇರೆ ಬೇರೆಯಾಗಿ ಕೇಳಿ ಬರೆದುಕೊಳ್ಳಬೇಕು.